ಮನೆಯವರಿಗೂ ಒಂದು ಮೆತ್ತನೆಯ ಮಾತು

ಭಾನುವಾರ ಆರಾಧನೆ ಮುಗಿದ ಮೇಲೆ ರಾಯಚೂರಿನ ಯಾವುದೇ ಸಭೆಯ ಬಾಗಿಲಲ್ಲಿ ನಿಂತು ನೋಡಿ. "ಸ್ತೋತ್ರ ಅಕ್ಕ, ಹೆಂಗದೀರಿ? ಕಾಲುನೋವು ಕಡಿಮಿ ಆತೇನ್ರಿ?" ಎಷ್ಟು ಮೆತ್ತನೆಯ ಮಾತು! ಅದೇ ಬಾಯಿ ತಾಸು ಕಳೆದ ಮೇಲೆ ಮನೆಯೊಳಗೆ, "ಇನ್ನೂ ರೊಟ್ಟಿ ಆಗಿಲ್ಲೇನು? ಮುಂಜಾನಿಂದ ಏನ್ ಮಾಡಿದಿ?" ಅನ್ನುತ್ತದೆ. ಕಾಲುನೋವು ಮನೆಯಾಕೆಗೂ ಇರುತ್ತದೆ. ಅದನ್ನು ಕೇಳುವವರು ಕಡಿಮೆ.

ಹೊರಗಿನವರ ಮುಂದೆ ನಮಗೆ ಹೆಸರಿನ ಚಿಂತೆ. ಮನೆಯವರಾದರೆ ಎಲ್ಲಿ ಹೋಗ್ತಾರೆ, ಬೈದರೂ ಸಂಜೆ ಊಟ ಬಡಿಸ್ತಾರೆ ಅನ್ನೋ ಧೈರ್ಯ. ಅದಕ್ಕೇ ನಮ್ಮ ದಯೆಗೆ ನಿಜವಾದ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ.

ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ ತೆಗೆದು ನೋಡಿ. 12ನೇ ವಚನದಲ್ಲಿ ಪೌಲನು ಕನಿಕರ, ದಯೆ, ದೀನತೆಗಳನ್ನು ಬಟ್ಟೆಯಂತೆ ಧರಿಸಿಕೊಳ್ಳಿ ಅನ್ನುತ್ತಾನೆ. 18ನೇ ವಚನಕ್ಕೆ ಬರುವಷ್ಟರಲ್ಲಿ ನೇರವಾಗಿ ಮನೆಯೊಳಗೆ ಕಾಲಿಡುತ್ತಾನೆ: ಗಂಡ, ಹೆಂಡತಿ, ಮಕ್ಕಳು, ತಂದೆಗಳು. ಗಂಡನಿಗೆ ಹೆಂಡತಿಯ ಮೇಲೆ ಕಟುವಾಗಬೇಡ ಎಂದೂ, ತಂದೆಗೆ ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಗ್ಗಿಸಬೇಡ ಎಂದೂ ಹೇಳುತ್ತಾನೆ. ಆ ಬಟ್ಟೆ ಭಾನುವಾರಕ್ಕೆ ಇಸ್ತ್ರಿ ಮಾಡಿಟ್ಟುಕೊಳ್ಳುವ ಬಟ್ಟೆಯಲ್ಲ, ಮನೆಯಲ್ಲಿ ದಿನಾ ಉಡುವ ಬಟ್ಟೆ.

ಯೇಸು ಸ್ವಾಮಿ ಇದನ್ನು ಇನ್ನೂ ಖಡಕ್ಕಾಗಿ ಹೇಳಿದರು. ತಂದೆತಾಯಿಗೆ ಆಗಬೇಕಾದ ಸಹಾಯವನ್ನು "ಇದು ದೇವರಿಗೆ ಮುಡಿಪು" ಎಂದು ಹೇಳಿ ಜಾರಿಕೊಳ್ಳುವವರನ್ನು ಅವರು ಖಂಡಿಸಿದ್ದು ಮಾರ್ಕ 7ರಲ್ಲಿದೆ. ಕೂಟಕ್ಕೆ ದೊಡ್ಡ ಕಾಣಿಕೆ ಬರೆಸುವ ಮಗ, ಮಾನ್ವಿ ಕಡೆಯ ಹಳ್ಳಿಯಲ್ಲಿರೋ ತಾಯಿಗೆ ಬಿಪಿ ಗುಳಿಗೆ ಮುಗಿದು ವಾರವಾದರೂ ವಿಚಾರಿಸದಿದ್ದರೆ ಆ ಮಾತು ಅವನಿಗೇ ಸೇರಿದ್ದು. ಹಿರಿಯರನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸಲು 2007ರ ಕಾಯ್ದೆ ಇದೆ. ಆದರೆ "ಯವ್ವಾ, ಉಂಡಿಯೇನು?" ಅನ್ನೋ ಮಾತನ್ನು ಯಾವ ಕಾಯ್ದೆಯೂ ಕೊಡಿಸಲಾರದು. ಸ್ವತಃ ಕರ್ತನು ಶಿಲುಬೆಯ ನೋವಿನಲ್ಲೂ ತಾಯಿಯನ್ನು ಮರೆಯಲಿಲ್ಲ, ಆಕೆಯನ್ನು ಪ್ರಿಯ ಶಿಷ್ಯನ ಕೈಗೆ ಒಪ್ಪಿಸಿದರು.

ನಮ್ಮ ಭಾಗದಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ದೇವದುರ್ಗದ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಗಂಡ ಹೆಂಡತಿ ಕಟ್ಟಡದ ಕೆಲಸದಲ್ಲಿ, ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ. ರಾತ್ರಿ ಬರುವ ಒಂದು ಫೋನೇ ಆ ದಿನದ ಸಂಸಾರ. ಆ ಐದು ನಿಮಿಷವೂ "ರೊಕ್ಕ ಎಲ್ಲಿ ಹೋತು? ಹುಡುಗ ಸಾಲಿಗೆ ಯಾಕ ಹೋಗಿಲ್ಲ?" ಅನ್ನೋದರಲ್ಲೇ ಮುಗಿದರೆ, ಮಗುವಿಗೆ ಅಪ್ಪ ಅಂದರೆ ಬರೀ ಒಂದು ಸಿಟ್ಟಿನ ಧ್ವನಿ. ಮೊದಲ ಒಂದು ನಿಮಿಷ ಮಗುವಿಗೆ ಕೊಡಿ. ಇವತ್ತು ಏನು ಆಡಿದೆ, ಏನು ಉಂಡೆ ಎಂದು ಕೇಳಿ. ಲೆಕ್ಕ ಆಮೇಲೆ ಇದ್ದೇ ಇದೆ.

ಮನೆಯಲ್ಲಿ ಒಬ್ಬರೇ ಸಭೆಗೆ ಬರುವವರೂ ನಮ್ಮಲ್ಲಿ ಬಹಳ ಜನ. ಸೊಸೆ ಪ್ರಾರ್ಥನೆಗೆ, ಅತ್ತೆ ಗುಡಿಗೆ. ಇಂಥ ಮನೆಯಲ್ಲಿ ವಾದದಿಂದ ಮನಸ್ಸು ಗೆದ್ದವರನ್ನು ಕಾಣುವುದು ಕಷ್ಟ. ಪೇತ್ರನೂ ಮಾತಿಗಿಂತ ನಡತೆಯ ಮೇಲೇ ಭರವಸೆ ಇಟ್ಟ. ಅತ್ತೆಗೆ ಜ್ವರ ಬಂದಾಗ ಗಂಜಿ ಮಾಡಿಕೊಡಿ, ಆದರೆ ಅದನ್ನು ಬಲೆಯಾಗಿ ಬೀಸಬೇಡಿ. ಆಕೆ ಎಂದೂ ಸಭೆಗೆ ಬರದೇ ಹೋದರೂ ಆ ಗಂಜಿ ಆಕೆಗೆ ಸಲ್ಲಬೇಕಾದದ್ದೇ.

ಒಂದು ಮಾತು ಸ್ಪಷ್ಟವಾಗಿರಲಿ. ದಯೆ ಅಂದರೆ ಹೊಡೆತ ತಿಂದು ಸುಮ್ಮನಿರೋದಲ್ಲ. ಕುಡಿದು ಬಂದು ಹೊಡೆಯುವ ಗಂಡನ ಮನೆಯಲ್ಲಿರೋ ತಂಗಿಗೆ "ತಾಳ್ಕೊ, ಪ್ರಾರ್ಥನೆ ಮಾಡು" ಅಂತ ಹೇಳಿ ಕಳಿಸಿದರೆ ನಾವು ಆಕೆಗೆ ದಯೆ ತೋರಿಸಿದಂತಲ್ಲ. ಮಹಿಳಾ ಸಹಾಯವಾಣಿ 181 ಆಕೆಗೆ ಗೊತ್ತಿರಲಿ. ಆಕೆಯ ಜೊತೆ ನಿಲ್ಲುವ ಇಬ್ಬರು ಸಭೆಯಲ್ಲಿರಲಿ.

ಉಳಿದ ನಮಗೆ ಈ ವಾರ ಮೂರೇ ಕೆಲಸ. ಮನೆಯವರು ನೀರು ಕೊಟ್ಟಾಗಲೂ ಅವರ ಮುಖ ನೋಡಿ. ವಯಸ್ಸಾದ ಅಪ್ಪ ಹೇಳಿದ್ದೇ ಹೇಳಿದರೂ "ಗೊತ್ತೈತಿ ಬಿಡು" ಅನ್ನದೆ ಒಮ್ಮೆ ಪೂರ್ತಿ ಕೇಳಿ. ಬೈಗುಳ ನಾಲಿಗೆ ತುದಿಗೆ ಬಂದಾಗ ಅಂಗಳಕ್ಕೆ ಹೋಗಿ ಎರಡು ನಿಮಿಷ ನಿಂತು ಬನ್ನಿ. ರಾಯಚೂರಿನ ಬಿಸಿಲು ಮೊದಲೇ ಎಲ್ಲರ ತಲೆ ಕಾಯಿಸಿರುತ್ತದೆ. ಮನೆಯೊಳಗಾದರೂ ಒಂದಿಷ್ಟು ತಂಪು ಇರಲಿ.