ಗಾಮಾ ನೈಫ್‌ಗೆ ಚೂರಿ ಬೇಕಿಲ್ಲ ಸರಿ, ಜನ ಬೇಡವೇ?

ಜಿಲ್ಲೆಯಲ್ಲಿ ಸುದ್ದಿ ಬರೆಯುವ ನಮ್ಮಂಥವರ ವಾಟ್ಸಾಪ್‌ಗೆ ಆಸ್ಪತ್ರೆಗಳ ಪ್ರೆಸ್ ನೋಟ್‌ಗಳಿಗೆ ಬರವಿಲ್ಲ. ಮೆದುಳಿನ ಗಡ್ಡೆಯ ವಿಷಯವಾದರೆ ಧಾಟಿ ಒಂದೇ. ಕತ್ತಿ ಇಲ್ಲ, ರಕ್ತ ಇಲ್ಲ, ಹೊಲಿಗೆ ಇಲ್ಲ, ಬೆಳಿಗ್ಗೆ ಬಂದು ಸಂಜೆ ಮನೆಗೆ. ಜೊತೆಗೊಂದು ಫೋಟೊ: ಬಿಳಿ ಬಣ್ಣದ ದೊಡ್ಡ ಯಂತ್ರ, ಅದರ ಮುಂದೆ ಕೈಕಟ್ಟಿ ನಿಂತ ಒಬ್ಬ ಡಾಕ್ಟರು. ಮರುದಿನ ಪತ್ರಿಕೆಯಲ್ಲಿ ‘ಪವಾಡ’ ಎಂಬ ತಲೆಬರಹ.

ಆ ನೋಟಿನಲ್ಲಿ ಬರೆದದ್ದು ಪೂರ್ತಿ ಸುಳ್ಳೇನಲ್ಲ. ನಮ್ಮ ತಕರಾರು ಇರುವುದು ಆ ಫೋಟೊದಲ್ಲಿ ಕಾಣಿಸದೇ ಇರುವವರ ಬಗ್ಗೆ.

ಮೊದಲು ವಿಷಯ ಸರಿಯಾಗಿ ತಿಳಿದುಕೊಳ್ಳೋಣ. ರೇಡಿಯೋಸರ್ಜರಿ ಎಂದರೆ ತಲೆಬುರುಡೆ ತೆರೆಯದೆ, ಹೊರಗಿನಿಂದಲೇ ವಿಕಿರಣವನ್ನು ಮೆದುಳಿನ ಒಂದು ಸಣ್ಣ ಜಾಗಕ್ಕೆ ಗುರಿಯಿಟ್ಟು ಬಿಡುವುದು. ನಮ್ಮೂರ ಕಡೆ ಅನೇಕರು ಇದನ್ನು ‘ಲೇಸರ್ ಆಪರೇಷನ್’ ಅನ್ನುತ್ತಾರೆ. ಅದು ಲೇಸರ್ ಅಲ್ಲ. ಗಾಮಾ ನೈಫ್ ಎಂಬ ಯಂತ್ರದೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹದ ಮೂಲಗಳಿರುತ್ತವೆ. ಹಳೆಯ ಮಾದರಿಗಳಲ್ಲಿ 201, ಈಚಿನ ಮಾದರಿಗಳಲ್ಲಿ 192. ಇನ್ನೂರು ಜನ ಇನ್ನೂರು ದಿಕ್ಕಿನಿಂದ ಒಂದೊಂದು ಚೊಂಬು ನೀರು ತಂದು ಒಂದೇ ಗುಂಡಿಗೆ ಸುರಿದ ಹಾಗೆ ಅದರ ಕೆಲಸ. ದಾರಿಯಲ್ಲಿ ತುಳುಕಿದ್ದರಿಂದ ನೆಲ ಸರಿಯಾಗಿ ನೆನೆಯುವುದೂ ಇಲ್ಲ, ಗುಂಡಿ ಮಾತ್ರ ತುಂಬುತ್ತದೆ. ಆ ಗುಂಡಿಯನ್ನು ಸರಿಯಾದ ಜಾಗದಲ್ಲಿ ತೋಡಬೇಕು. ಮೆದುಳಿನಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಕಣ್ಣಿನ ನರವೋ ಮೆದುಳಿನ ಕಾಂಡವೋ ಸಿಗುತ್ತದೆ.

ಜಾಗ ಗುರುತಿಸುವವರು ಯಾರು? ಪ್ರೆಸ್ ನೋಟ್ ಹೇಳುವಂತೆ ಅದು ಯಂತ್ರದ ಕೆಲಸವಲ್ಲ, ಫೋಟೊದಲ್ಲಿರುವ ಒಬ್ಬರ ಕೆಲಸವೂ ಅಲ್ಲ.

ಬೆಳಿಗ್ಗೆ ರೋಗಿಯ ತಲೆಗೆ ಲೋಹದ ಚೌಕಟ್ಟು ಕೂರಿಸಿ ನಾಲ್ಕು ಕಡೆ ಸ್ಕ್ರೂ ಬಿಗಿಯುತ್ತಾರೆ. ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ಬಿಗಿಯುವುದು, ಆದರೂ ನೋಡಿದವರ ಎದೆ ಝಲ್ಲೆನ್ನುತ್ತದೆ. ಇದು ನ್ಯೂರೋಸರ್ಜನ್ ಕೆಲಸ. ಆ ಹೊತ್ತಿನಲ್ಲಿ ರೋಗಿಯ ಕೈಹಿಡಿದು ಧೈರ್ಯ ಹೇಳುವುದು ನರ್ಸ್. ಚೌಕಟ್ಟಿನ ಸಮೇತ ಎಂಆರ್‌ಐ, ಕೆಲವರಿಗೆ ಸಿಟಿ, ರಕ್ತನಾಳದ ಗಂಟಾದರೆ ಆಂಜಿಯೋಗ್ರಾಮ್ ಆಗುತ್ತದೆ. ಗಡ್ಡೆ ಎಲ್ಲಿ ಮುಗಿದು ಒಳ್ಳೆಯ ಮೆದುಳು ಎಲ್ಲಿ ಶುರುವಾಗುತ್ತದೆ ಎಂದು ಆ ಚಿತ್ರ ನೋಡಿ ಹೇಳುವವರು ನ್ಯೂರೋರೇಡಿಯಾಲಜಿಸ್ಟ್. ಎಷ್ಟು ವಿಕಿರಣ ಕೊಡಬೇಕು, ಪಕ್ಕದ ನರ ಎಷ್ಟು ತಡೆಯುತ್ತದೆ ಎಂಬುದು ರೇಡಿಯೇಷನ್ ಆಂಕಾಲಜಿಸ್ಟ್ ಲೆಕ್ಕ. ಆ ಲೆಕ್ಕವನ್ನು ಕಿರಣಗಳ ನಕ್ಷೆಯಾಗಿಸಿ, ಯಂತ್ರ ನಿಜಕ್ಕೂ ಅಷ್ಟನ್ನೇ ಕೊಡುತ್ತದೆಯೇ ಎಂದು ಅಳೆದು ನೋಡುವವರು ಮೆಡಿಕಲ್ ಫಿಸಿಸಿಸ್ಟ್. ಯಂತ್ರ ನಡೆಸುವ ಟೆಕ್ನಾಲಜಿಸ್ಟ್ ಬೇರೆ, ಮಗುವಾದರೆ ಅರಿವಳಿಕೆಯ ಡಾಕ್ಟರು ಬೇರೆ. ಪಿಟ್ಯುಟರಿ ಗಡ್ಡೆಯಾದರೆ ಹಾರ್ಮೋನ್ ಡಾಕ್ಟರು, ಕಿವಿಯ ನರದ ಗಡ್ಡೆಯಾದರೆ ಕಿವಿ ಡಾಕ್ಟರು ಸೇರಿಕೊಳ್ಳುತ್ತಾರೆ.

ಈ ಚಿಕಿತ್ಸೆ ಹುಟ್ಟಿದ್ದೂ ಹೀಗೇ. 1951ರಲ್ಲಿ ರೇಡಿಯೋಸರ್ಜರಿ ಎಂಬ ಹೆಸರಿಟ್ಟವರು ಸ್ವೀಡನ್ನಿನ ನ್ಯೂರೋಸರ್ಜನ್ ಲಾರ್ಸ್ ಲೆಕ್ಸೆಲ್. ಯಂತ್ರವನ್ನು ಅವರೊಬ್ಬರೇ ಕೂತು ಕಟ್ಟಲಿಲ್ಲ. ಉಪ್ಸಾಲಾದ ವಿಕಿರಣ ವಿಜ್ಞಾನಿ ಬೋರ್ಯೆ ಲಾರ್ಸನ್ ಜೊತೆಗಿದ್ದರು. ಇಬ್ಬರೂ ವರ್ಷಗಟ್ಟಲೆ ದುಡಿದ ಮೇಲೆ, 1960ರ ದಶಕದ ಕೊನೆಗೆ ಸ್ಟಾಕ್‌ಹೋಮಿನಲ್ಲಿ ಮೊದಲ ಗಾಮಾ ನೈಫ್ ಕೆಲಸ ಶುರುಮಾಡಿತು. ಒಬ್ಬ ಸರ್ಜನ್, ಒಬ್ಬ ವಿಜ್ಞಾನಿ. ನಮ್ಮ ಪತ್ರಿಕೆಗಳಲ್ಲಿ ಸರ್ಜನ್ ಹೆಸರು ಉಳಿದಿದೆ, ವಿಜ್ಞಾನಿ ಮಾಯ.

ಹೆಸರು ಬಿಟ್ಟರೆ ಏನಾಯ್ತು, ಚಿಕಿತ್ಸೆ ಸಿಕ್ಕರೆ ಸಾಲದೇ ಎಂದು ನೀವು ಕೇಳಬಹುದು. ಏನಾಗುತ್ತದೆ ಎಂಬುದಕ್ಕೆ ಎರಡು ಊರಿನ ಕಥೆ ಇದೆ.

ಫ್ರಾನ್ಸಿನ ಟುಲೂಸ್ ನಗರದ ಆಸ್ಪತ್ರೆಯೊಂದರಲ್ಲಿ 2006ರ ಏಪ್ರಿಲ್‌ನಿಂದ 2007ರ ಏಪ್ರಿಲ್‌ವರೆಗೆ ರೇಡಿಯೋಸರ್ಜರಿ ಮಾಡಿಸಿಕೊಂಡ 145 ಜನರಿಗೆ ಬೇಕಾದ್ದಕ್ಕಿಂತ ಹೆಚ್ಚು ವಿಕಿರಣ ಬಿತ್ತು. ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಆಸ್ಪತ್ರೆಯಲ್ಲಿ 2004ರಿಂದ 2009ರವರೆಗೆ 76 ಜನರಿಗೆ ಸುಮಾರು ಒಂದೂವರೆ ಪಟ್ಟು ವಿಕಿರಣ ಹೋಯಿತು. ಎರಡೂ ಕಡೆ ಯಂತ್ರ ಕೆಟ್ಟಿರಲಿಲ್ಲ. ಸರ್ಜನ್ ಕೈ ತಪ್ಪಿರಲಿಲ್ಲ. ತೆಳು ಕಿರಣವನ್ನು ಅಳೆಯಲು ಅದಕ್ಕೆ ತಕ್ಕ ಸಣ್ಣ ಅಳತೆ ಸಾಧನ ಬೇಕಿತ್ತು, ದೊಡ್ಡದನ್ನು ಬಳಸಿದ್ದರು. ಚಿನ್ನವನ್ನು ಜೋಳದ ತಕ್ಕಡಿಯಲ್ಲಿ ತೂಗಿದ ಹಾಗೆ. ಒಂದು ಸಲ ತಪ್ಪಿದ ಅಳತೆ ಆಮೇಲೆ ಬಂದ ಪ್ರತಿ ರೋಗಿಯ ತಲೆಗೂ ಹೋಯಿತು. ರೋಗಿಗೆ ಆ ಹೊತ್ತಿನಲ್ಲಿ ಏನೂ ಗೊತ್ತಾಗುವುದಿಲ್ಲ, ವಿಕಿರಣಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ಪ್ರಿಂಗ್‌ಫೀಲ್ಡಿನಲ್ಲಿ ತಪ್ಪು ಹೊರಬಂದದ್ದು ಇನ್ನೊಬ್ಬ ಫಿಸಿಸಿಸ್ಟ್ ಆ ಕೆಲಸ ಕಲಿಯಲು ಹೊರಟಾಗ. ಎರಡನೇ ಜೋಡಿ ಕಣ್ಣು ಎಂದರೆ ಇದೇ.

ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇಲ್ಲದೆ ಇಂಥ ಯಂತ್ರ ನಡೆಸುವಂತಿಲ್ಲ. ಮೆಡಿಕಲ್ ಫಿಸಿಸಿಸ್ಟ್ ಮತ್ತು ವಿಕಿರಣ ಸುರಕ್ಷತಾ ಅಧಿಕಾರಿ ಇಲ್ಲದಿದ್ದರೆ ಆ ಲೈಸೆನ್ಸ್ ಸಿಗುವುದಿಲ್ಲ. ಕಾನೂನಿಗೆ ಇವರ ಬೆಲೆ ಗೊತ್ತು. ಪ್ರೆಸ್ ನೋಟ್ ಬರೆಯುವವರಿಗೆ ಗೊತ್ತಿಲ್ಲ, ಉದ್ಘಾಟನೆಗೆ ಬಂದು ರಿಬ್ಬನ್ ಕತ್ತರಿಸುವವರಿಗೂ ಗೊತ್ತಿಲ್ಲ. ನಮ್ಮ ಹಳ್ಳಿಗಳಲ್ಲಿ ಎಂಎಸ್ಸಿ ಫಿಸಿಕ್ಸ್ ಓದಿ ಕೆಲಸವಿಲ್ಲದೆ ಟ್ಯೂಷನ್ ಹೇಳಿಕೊಡುವ ಹುಡುಗ ಹುಡುಗಿಯರಿದ್ದಾರೆ. ಫಿಸಿಕ್ಸ್ ಓದಿದವರು ಮುಂದೆ ವಿಕಿರಣ ಭೌತಶಾಸ್ತ್ರದ ತರಬೇತಿ ಪಡೆದು ಕ್ಯಾನ್ಸರ್ ಆಸ್ಪತ್ರೆ ಸೇರಬಹುದು, ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಅದಕ್ಕೆಂದೇ ಡಿಪ್ಲೊಮಾ ಇದೆ ಎಂದು ಅವರಿಗೆ ಯಾವ ಕಾಲೇಜೂ ಹೇಳಿದ್ದನ್ನು ನಾವು ಕೇಳಿಲ್ಲ. ಕಾಣದವರ ಕೆಲಸಕ್ಕೆ ಹೊಸಬರು ಬರುವುದಾದರೂ ಹೇಗೆ?

ಈಗ ನಮ್ಮ ಸಿಟ್ಟಿನ ಮುಖ್ಯ ಕಾರಣಕ್ಕೆ ಬರೋಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ, ಸರ್ಕಾರಿ ಸಂಸ್ಥೆ, ಒಳ್ಳೆಯ ತಂಡ. (ನಮ್ಮ ಕಡೆ ಇನ್ನೂ ಎಷ್ಟೋ ಜನ ಆ ಹೆಸರು ಕೇಳಿದರೆ ‘ಹುಚ್ಚಾಸ್ಪತ್ರೆಗೆ ಯಾಕೆ’ ಎಂದು ಹಿಂದೆ ಸರಿಯುತ್ತಾರೆ. ಮನಸ್ಸಿನ ಕಾಯಿಲೆಯವರನ್ನು ಹಾಗೆ ಕರೆಯುವುದೇ ತಪ್ಪು. ಅಲ್ಲದೆ ಮೆದುಳು, ನರಗಳ ಚಿಕಿತ್ಸೆಗೆ ಅದು ದೇಶಕ್ಕೇ ದೊಡ್ಡ ಜಾಗ.) ಆದರೆ ಆ ತಂಡ ಹೊಸೂರು ರಸ್ತೆಯ ಗೇಟಿಗೆ ಮುಗಿದುಹೋಗುತ್ತದೆ. ಗೇಟಿನಿಂದ ಈಚೆಗೆ, ಕೊಪ್ಪಳ, ರಾಯಚೂರು, ಬೀದರ್‌ವರೆಗೆ, ರೋಗಿ ಒಂಟಿ.

ಹೋಗುವ ಮೊದಲಿನ ಕಥೆ ನೋಡಿ. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಕಾಯಿಲೆಯಿದೆ. ಮುಖದ ಒಂದು ಬದಿಗೆ ಕರೆಂಟ್ ಹೊಡೆದಂಥ ನೋವು. ಮುಖ ತೊಳೆದರೆ, ರೊಟ್ಟಿ ಅಗಿದರೆ, ಗಾಳಿ ತಾಗಿದರೆ ಸಾಕು. ಜನ ಹಲ್ಲುನೋವು ಅಂದುಕೊಂಡು ಹಲ್ಲು ಕೀಳಿಸುತ್ತಾರೆ. ಒಂದು ಕಿತ್ತರೂ ನೋವು ಹೋಗದು, ಇನ್ನೊಂದು ಕೀಳಿಸುತ್ತಾರೆ. ಕಾರ್ಬಮಜೆಪಿನ್ ಎಂಬ ಮಾತ್ರೆಗೆ ಎಷ್ಟೋ ಜನರ ನೋವು ಹತೋಟಿಗೆ ಬರುತ್ತದೆ. ಮಾತ್ರೆ ಕೈಕೊಟ್ಟರೆ ಆಪರೇಷನ್, ಅದು ಆಗದವರಿಗೆ ರೇಡಿಯೋಸರ್ಜರಿ. ಈ ದಾರಿಯ ಮೊದಲ ಮೆಟ್ಟಿಲು ಬೆಂಗಳೂರಿನ ಸರ್ಜನ್ ಅಲ್ಲ, ತಾಲ್ಲೂಕಿನ ದಂತವೈದ್ಯರು. ಒಂದೇ ಕಿವಿ ಮಂದವಾಗಿ ಗುಂಯ್‌ಗುಡತೊಡಗಿದರೆ ‘ವಯಸ್ಸಾಯ್ತು’ ಎನ್ನದೆ ಮುಂದೆ ಕಳಿಸಬೇಕಾದ ಪಿಎಚ್‌ಸಿ ಡಾಕ್ಟರು ಕೂಡ ಇದೇ ತಂಡದವರು. ಗಡ್ಡೆ ಸುಮಾರು 3 ಸೆಂಟಿಮೀಟರ್ ಒಳಗಿದ್ದರೆ ಈ ಚಿಕಿತ್ಸೆ ಚೆನ್ನಾಗಿ ಹೊಂದುತ್ತದೆ. ತಡವಾದರೆ ತಲೆ ತೆರೆಯುವುದೇ ಗತಿ. ಎರಡು ವರ್ಷ ಕಿವಿಗೆ ಎಣ್ಣೆ ಬಿಟ್ಟುಕೊಂಡು ಕೂತವರಿಗೆ ಯಾವ ನೈಫೂ ಉಳಿಯುವುದಿಲ್ಲ.

ಬಂದ ಮೇಲಿನದು ಇನ್ನೂ ಕಷ್ಟ. ‘ಸಂಜೆ ಮನೆಗೆ’ ಎಂಬ ಮಾತು ಇಲ್ಲಿ ಅಪಾಯಕಾರಿ. ಮೆದುಳಿನ ರಕ್ತನಾಳಗಳು ಸಿಕ್ಕುಗಟ್ಟುವ ಎವಿಎಂ ಎಂಬ ತೊಂದರೆಯಲ್ಲಿ ವಿಕಿರಣ ಕೊಟ್ಟ ದಿನವೇ ಗಂಟು ಮುಚ್ಚುವುದಿಲ್ಲ. ಎರಡು ಮೂರು ವರ್ಷ ಬೇಕು, ಎಲ್ಲರಲ್ಲೂ ಮುಚ್ಚುವುದೂ ಇಲ್ಲ. ಅಷ್ಟು ದಿನ ರಕ್ತ ಚಿಮ್ಮುವ ಭಯ ಇದ್ದೇ ಇರುತ್ತದೆ, ಚಿಕಿತ್ಸೆಯಿಲ್ಲದ ಎವಿಎಂನಲ್ಲಿ ಅದು ವರ್ಷಕ್ಕೆ ನೂರರಲ್ಲಿ 2ರಿಂದ 4 ಜನಕ್ಕೆ. ಸಂಜೆ ಮನೆಗೆ ಬಂದ ಹುಡುಗ ‘ವಾಸಿಯಾಯ್ತು’ ಎಂದು ಟ್ರ್ಯಾಕ್ಟರ್ ಹತ್ತುತ್ತಾನೆ. ಬೆಳೆ ಕೊಯ್ಲು, ಮದುವೆ, ರೈಲು ಚಾರ್ಜು, ಕೂಲಿ ನಷ್ಟ ಎಂದು ಸ್ಕ್ಯಾನ್ ತಪ್ಪುತ್ತದೆ. ಗಂಟು ಮುಚ್ಚಿತೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಕಿವಿಯ ನರದ ಗಡ್ಡೆ ಚಿಕಿತ್ಸೆಯಾದ ಮೊದಲ ವರ್ಷ ಕೆಲವರಲ್ಲಿ ಸ್ವಲ್ಪ ಊದಿಕೊಂಡು ಆಮೇಲೆ ಕುಗ್ಗುತ್ತದೆ. ಇದು ಗೊತ್ತಿಲ್ಲದ ಊರಿನ ಸ್ಕ್ಯಾನ್ ಸೆಂಟರ್‌ನಲ್ಲಿ, ಹಳೆಯ ಫಿಲ್ಮ್ ಪಕ್ಕದಲ್ಲಿಟ್ಟುಕೊಳ್ಳದೆ ವರದಿ ಬರೆದರೆ ‘ಗಡ್ಡೆ ಬೆಳೆದಿದೆ’ ಎಂದೇ ಬರುತ್ತದೆ. ಆ ಒಂದು ಸಾಲು ಸಾಕು, ಮನೆಯವರು ಹೊಲ ಅಡವಿಟ್ಟು ದೊಡ್ಡ ಆಪರೇಷನ್‌ಗೆ ಓಡುತ್ತಾರೆ. ಚಿಕಿತ್ಸೆಯಾಗಿ ಆರು ತಿಂಗಳು, ಒಂದು ವರ್ಷದ ಮೇಲೆ ಕೆಲವರಿಗೆ ಮೆದುಳಿನಲ್ಲಿ ಊತ ಬಂದು ತಲೆನೋವು, ಫಿಟ್ಸ್ ಬರುವುದುಂಟು. ಇದನ್ನು ಸಾಮಾನ್ಯವಾಗಿ ಸ್ಟಿರಾಯ್ಡ್ ಮಾತ್ರೆಯಲ್ಲಿ ತಹಬಂದಿಗೆ ತರಬಹುದು. ಆದರೆ ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ಬಂದ ಆ ರೋಗಿಯ ಹಳೆಯ ಕಥೆ ಡ್ಯೂಟಿ ಡಾಕ್ಟರಿಗೆ ಯಾರು ಹೇಳಬೇಕು? ಇಂಗ್ಲಿಷಿನಲ್ಲಿರುವ ಡಿಸ್ಚಾರ್ಜ್ ಕಾರ್ಡು ಟ್ರಂಕಿನ ತಳದಲ್ಲಿ ರೇಷನ್ ಕಾರ್ಡಿನ ಕೆಳಗೆ ಇರುತ್ತದೆ.

ಇಷ್ಟರ ನಡುವೆ ನಮ್ಮ ಭಾಗದ ಮುಖಂಡರು ಆಗಾಗ ಕೇಳುವುದು ಏನು? ನಮಗೂ ಒಂದು ಯಂತ್ರ ಕೊಡಿ ಎಂದು. ಈ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ, ಹಾಗೆಂದರೆ ಬೈಸಿಕೊಳ್ಳುತ್ತೇವೆ ಎಂದೂ ಗೊತ್ತು. ‘ಬೆಂಗಳೂರಿಗೆ ಮಾತ್ರ ಬೇಕಾ, ಕಲ್ಯಾಣ ಕರ್ನಾಟಕದವರ ತಲೆ ತಲೆಯಲ್ಲವಾ’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಕೋಬಾಲ್ಟ್-60 ಸುಮಾರು 5 ವರ್ಷ 3 ತಿಂಗಳಿಗೆ ತನ್ನ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ಗಂಟೆಯ ಚಿಕಿತ್ಸೆ ಎರಡು ಗಂಟೆಯಾಗುತ್ತದೆ, ಮೂಲಗಳನ್ನೇ ಬದಲಿಸಬೇಕಾಗುತ್ತದೆ, ಅದಕ್ಕೆ ಕೋಟಿಗಟ್ಟಲೆ ಹಣ ಬೇಕು. ಡಯಾಲಿಸಿಸ್ ಯಂತ್ರಕ್ಕೆ ಟೆಕ್ನೀಷಿಯನ್ ಇಲ್ಲ ಎಂದು ಬಾಗಿಲು ಹಾಕಿದ ಕೋಣೆಗಳನ್ನು ನೋಡಿದವರು ನಾವು. ತಂಡ ಇಲ್ಲದ ಗಾಮಾ ನೈಫ್ ಅದಕ್ಕಿಂತ ದುಬಾರಿಯಾದ ಇನ್ನೊಂದು ಬೀಗ ಹಾಕಿದ ಕೋಣೆ. ಬೀಗ ಹಾಕಿದರೆ ಪುಣ್ಯ, ಟುಲೂಸ್‌ನಂತೆ ಅಳತೆ ತಪ್ಪಿ ತೆರೆದಿಟ್ಟರೆ ಕೇಡು. ಖಾಸಗಿಯಲ್ಲಿ ಇದರ ಇನ್ನೊಂದು ಮುಖ ಇದೆ. ಸಾಲ ಮಾಡಿ ಯಂತ್ರ ತಂದವರು ಯಂತ್ರಕ್ಕೆ ರೋಗಿ ಹುಡುಕುತ್ತಾರೆ. ‘ನಿಮಗೆ ಇದು ಬೇಡ, ಆರು ತಿಂಗಳು ಕಾದು ಇನ್ನೊಂದು ಸ್ಕ್ಯಾನ್ ಮಾಡೋಣ’ ಎಂದು ಹೇಳುವ ಧೈರ್ಯ ಬರುವುದು ಎಲ್ಲ ವಿಭಾಗದವರೂ ಒಂದೇ ಮೇಜಿನ ಸುತ್ತ ಕೂತಾಗ ಮಾತ್ರ.

ನಾವು ಕೇಳಬೇಕಾದ್ದು ಬೇರೆ. ಜಿಲ್ಲಾಸ್ಪತ್ರೆಯ ಎಂಆರ್‌ಐ ಓದಲು ಖಾಯಂ ರೇಡಿಯಾಲಜಿಸ್ಟ್ ಕೊಡಿ. ಅಲ್ಲಿ ತೆಗೆದ ಸ್ಕ್ಯಾನ್ ಬೆಂಗಳೂರಿನ ತಂಡದ ಕಂಪ್ಯೂಟರಿಗೆ ನೇರವಾಗಿ ಹೋಗಲಿ, ರೋಗಿ ಊರಲ್ಲೇ ಇರಲಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಜಿಲ್ಲಾಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್ ನಡೆಸುವ ಯೋಜನೆ. ರೇಡಿಯೋಸರ್ಜರಿ ಆದವರ ಮೂರು ವರ್ಷದ ಲೆಕ್ಕವನ್ನು ಆ ಕ್ಲಿನಿಕ್ಕಿನ ರಿಜಿಸ್ಟರಿಗೆ ಸೇರಿಸಲು ಹೊಸ ಕಟ್ಟಡ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಸ್ಕ್ಯಾನ್ ತಾರೀಖು ಹತ್ತಿರ ಬಂದಾಗ ಆಶಾ ಕಾರ್ಯಕರ್ತೆಯ ಫೋನಿಗೂ ಒಂದು ಸಂದೇಶ ಹೋಗಲಿ, ಆ ಕೆಲಸಕ್ಕೆ ಆಕೆಗೆ ದುಡ್ಡೂ ಕೊಡಿ. ಬಿಟ್ಟಿ ಕೆಲಸ ಹೇರಿ ಹೇರಿ ಅವರ ಬೆನ್ನು ಬಾಗಿದೆ. ಡಿಸ್ಚಾರ್ಜ್ ಕಾರ್ಡಿನ ಜೊತೆ ಕನ್ನಡದ ಒಂದು ಹಾಳೆ ಕೊಡಿ: ಏನು ಕಾಯಿಲೆ, ಯಾವ ದಿನ ವಿಕಿರಣ, ಏನಾದರೆ ಓಡಿ ಬರಬೇಕು, ಯಾರಿಗೆ ಫೋನ್ ಮಾಡಬೇಕು.

ಇದೆಲ್ಲ ಬರುವವರೆಗೆ ನೀವು ಮಾಡಬಹುದಾದ್ದಿದೆ. ಯಾವ ಆಸ್ಪತ್ರೆಯಾದರೂ ರೇಡಿಯೋಸರ್ಜರಿ ಮಾಡುತ್ತೇವೆ ಎಂದರೆ ಯಂತ್ರದ ಹೆಸರು ಕೇಳಬೇಡಿ. ನನ್ನ ಸ್ಕ್ಯಾನನ್ನು ಯಾರ್‍ಯಾರು ಕೂತು ನೋಡಿದರು, ಫಿಸಿಸಿಸ್ಟ್ ಯಾರು, ಬೇರೆ ದಾರಿ ಏನಿತ್ತು, ಮುಂದಿನ ಸ್ಕ್ಯಾನ್ ಯಾವಾಗ ಎಂದು ಕೇಳಿ. ಒಳ್ಳೆಯ ತಂಡ ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ದುಡ್ಡಿನ ಮಾತಿಗೆ ಮೊದಲೇ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. ಸ್ಕ್ಯಾನಿನ ಕಾಗದದ ವರದಿ ಮಾತ್ರ ಸಾಲದು, ಸಿಡಿಯನ್ನೂ ಕೇಳಿ ಪಡೆಯಿರಿ. ಡಿಸ್ಚಾರ್ಜ್ ಕಾರ್ಡಿನ ಫೋಟೊ ತೆಗೆದು ಮನೆಯ ಎರಡು ಮೂರು ಫೋನಿನಲ್ಲಿ ಇಟ್ಟುಕೊಳ್ಳಿ, ರಾತ್ರಿ ಎರಡು ಗಂಟೆಗೆ ಟ್ರಂಕಿನ ಬೀಗದ ಕೈ ಸಿಗುವುದಿಲ್ಲ.