ಎರಡು ಕ್ಯಾಮರಾಗಳ ಸಂಸಾರ

ಗದಗ ಸೀಮೆಯ ಹಿರಿಯರೊಬ್ಬರು ಬರೆದ ಪತ್ರವು ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲಿದೆ. “ಗುರುಗಳಿಗೆ ಶರಣು ಶರಣಾರ್ಥಿ. ನನ್ನ ಮಗ ಮದುವೆ, ಗೃಹಪ್ರವೇಶಗಳ ಛಾಯಾಚಿತ್ರ ತೆಗೆದು ನಾಲ್ಕು ಕಾಸು ಸಂಪಾದಿಸುತ್ತಾನೆ. ಒಂದು ಕ್ಯಾಮರಾ ಇದೆ. ಈಗ ಬೇರೆ ಕಂಪನಿಯ ಇನ್ನೊಂದು ಬೇಕಂತೆ. ಅದು ಹಗುರವಂತೆ, ಮಾಗಡಿ ಕೆರೆಯ ಹಕ್ಕಿಗಳಿಗೆ ಒದಗುತ್ತದಂತೆ. ಕೊಡಿಸಬೇಕೆಂದರೆ ಎರಡು ಎಮ್ಮೆ ಮಾರಬೇಕು. ಶಾಸನ, ತಾಳೆಗರಿಗಳ ಕೆಲಸಕ್ಕೆಂದು ತಾವೂ ಎರಡು ಕ್ಯಾಮರಾ ಇಟ್ಟುಕೊಂಡಿದ್ದೀರೆಂದು ಕೇಳಿದ್ದೇನೆ. ಇದು ಅಗತ್ಯವೋ ಹುಚ್ಚೋ, ತಿಳಿಸಬೇಕು.”

ಪ್ರಶ್ನೆ ನೇರವಾಗಿದೆ. ಆದರೆ ಎಮ್ಮೆಯ ವಿಚಾರಕ್ಕೆ ಬರುವ ಮೊದಲು ಮಸೂರದ ವಿಚಾರ ಹೇಳಬೇಕಾಗುತ್ತದೆ. ಏಕೆಂದರೆ ತಂದೆ ಮಕ್ಕಳಿಬ್ಬರೂ ಕ್ಯಾಮರಾದ ಮಾತನ್ನಾಡುತ್ತಿದ್ದಾರೆಯೇ ಹೊರತು ಅದರ ಕಣ್ಣಾದ ಮಸೂರದ ಮಾತನ್ನು ಯಾರೂ ಎತ್ತಿಲ್ಲ.

ಇದರಲ್ಲಿ ನಾನು ತೆತ್ತ ದಂಡವನ್ನು ಮುಚ್ಚಿಡುವುದಿಲ್ಲ. 2012ರಲ್ಲಿ ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ, ಹಳೆಯ ವೈದ್ಯ ಮನೆತನದವರ ಅಟ್ಟದ ಮೇಲೆ ತಾಳೆಗರಿಯ ಕಟ್ಟೊಂದು ಇದೆಯೆಂಬ ಸುದ್ದಿ ಬಂದಿತು. 112 ಗರಿಗಳು, ಔಷಧಗಳನ್ನು ಕುರಿತ ಬರಹ. ಮನೆಯ ಯಜಮಾನರು ಕಟ್ಟನ್ನು ಹೊರಗೆ ಕಳುಹಿಸಲು ಒಪ್ಪಲಿಲ್ಲ. ಒಂದು ದಿನ ಬಂದು ಚಿತ್ರ ತೆಗೆದುಕೊಂಡು ಹೋಗಬಹುದೆಂದರು. ಆಗ ನನ್ನಲ್ಲಿ ದೊಡ್ಡ ಕ್ಯಾಮರಾವೂ ಅದಕ್ಕೆ ಹೊಂದುವ 105 ಮಿಲಿಮೀಟರಿನ ಮ್ಯಾಕ್ರೋ ಮಸೂರವೂ ಇದ್ದವು. ಎರಡು ಬಸ್ಸು ಬದಲಿಸಿ, ಸ್ಟ್ಯಾಂಡನ್ನೂ ಹೊತ್ತು ಹೋಗಬೇಕಲ್ಲಾ ಎಂದು ಬೇಸರಿಸಿ, ಪ್ರವಾಸಕ್ಕೆಂದು ಕೊಂಡ ಚಿಕ್ಕ ಕ್ಯಾಮರಾವನ್ನೂ ಅದರೊಡನೆ ಬಂದಿದ್ದ ಸಾಧಾರಣ ಜೂಮ್ ಮಸೂರವನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆನು. ಪಡಸಾಲೆ ಕತ್ತಲಾಗಿತ್ತು. ಬೆಳಕು ಸಾಲದೆಂದು ಮಸೂರದ ಕಂಡಿಯನ್ನು ಪೂರ್ತಿ ತೆರೆದು, ಗರಿಯ ಸಮೀಪಕ್ಕೆ ಬಾಗಿ, ಕೈಯಲ್ಲೇ ಹಿಡಿದು ತೆಗೆದೆನು. ಕ್ಯಾಮರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಎಲ್ಲವೂ ಸ್ಫುಟವಾಗಿಯೇ ಕಂಡಿತು.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಗರಿಯ ನಡುವಣ ಅಕ್ಷರಗಳು ಕೊರೆದಿಟ್ಟಂತಿದ್ದವು. ಎರಡೂ ತುದಿಗಳಲ್ಲಿ ಮಾತ್ರ ಹೊಗೆ ಕವಿದಂತೆ ಮಸುಕು. ಇನ್ನೊಮ್ಮೆ ಹೋದರಾಯಿತು ಎಂದುಕೊಂಡೆನು. ಆ ಇನ್ನೊಮ್ಮೆ ಏಳು ವರ್ಷ ಬರಲಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಹರಿದು ಆ ಮನೆಯ ಹಿಂಗೋಡೆ ಕುಸಿಯಿತು. ಕೆಸರಿನಿಂದ ತೆಗೆದ ಕಟ್ಟು ಒಂದಕ್ಕೊಂದು ಅಂಟಿ ಹೆಂಟೆಯಾಗಿತ್ತು. ಈಗ ಆ ಗ್ರಂಥವೆಂದರೆ ನನ್ನ ಆ ಮಸುಕು ಚಿತ್ರಗಳೇ. ಸಾಲಿನ ಕೊನೆಯಲ್ಲಿ ಎಷ್ಟೋ ಕಡೆ ಮೂಲಿಕೆಯ ತೂಕ ಬರುತ್ತದೆ. ಆ ತೂಕವೇ ಕಾಣುವುದಿಲ್ಲ.

ಇಲ್ಲಿ ತಪ್ಪು ಚಿಕ್ಕ ಕ್ಯಾಮರಾದ್ದಲ್ಲ ಎಂಬುದನ್ನು ಗಮನಿಸಬೇಕು. ಲೆಕ್ಕ ಹಾಕಿಯೇ ನೋಡಿರಿ. ಗರಿಯ ಉದ್ದ 45 ಸೆಂಟಿಮೀಟರ್ ಎನ್ನೋಣ. ಅಡ್ಡಲಾಗಿ 6000 ಬಿಂದುಗಳಿರುವ ದೊಡ್ಡ ಕ್ಯಾಮರಾದಲ್ಲಿ ಸೆಂಟಿಮೀಟರಿಗೆ ಸುಮಾರು 133 ಬಿಂದುಗಳು ದೊರೆಯುತ್ತವೆ. 5184 ಬಿಂದುಗಳ ಚಿಕ್ಕ ಕ್ಯಾಮರಾದಲ್ಲಿ 115. ಮೂರು ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಒಂದರಲ್ಲಿ 40, ಇನ್ನೊಂದರಲ್ಲಿ 34. ಓದುವವನ ಕಣ್ಣಿಗೆ ಇದೇನು ಮಹಾ ವ್ಯತ್ಯಾಸವಲ್ಲ. ಕೆಡಿಸಿದ್ದು ಮಸೂರ, ಮತ್ತು ಅದನ್ನು ಬಳಸಿದ ರೀತಿ. ಸಾಧಾರಣ ಜೂಮ್ ಮಸೂರವನ್ನು ಕಂಡಿ ತೆರೆದು ಹತ್ತಿರದಿಂದ ಬಳಸಿದರೆ ಚಪ್ಪಟೆಯಾದ ವಸ್ತುವಿನ ನಡುಭಾಗ ಸ್ಪಷ್ಟವಾಗಿ ಅಂಚುಗಳು ಜಾರುತ್ತವೆ. ಮ್ಯಾಕ್ರೋ ಮಸೂರವನ್ನಾದರೋ ಸಮತಲದ ವಸ್ತುವನ್ನು ತುದಿಯಿಂದ ತುದಿಗೆ ಒಂದೇ ಸಮನೆ ಹಿಡಿಯಲೆಂದೇ ರೂಪಿಸಿರುತ್ತಾರೆ. ಅದನ್ನು ಸ್ಟ್ಯಾಂಡಿಗೆ ಕಟ್ಟಿ, ಗರಿಗಿಂತ ಸುಮಾರು 1.4 ಮೀಟರ್ ಎತ್ತರದಲ್ಲಿ ನಿಲ್ಲಿಸಿ, ಕಂಡಿಯನ್ನು ಎಫ್ 8ಕ್ಕೆ ಕಿರಿದುಗೊಳಿಸಿ, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಕಂಟದಿಂದ ಕೊರೆದ ಗೆರೆಯ ಆಳವೂ ಕಾಣುತ್ತದೆ. ಚಿಕ್ಕ ಕ್ಯಾಮರಾಕ್ಕೂ ಇಂತಹ ಮಸೂರಗಳುಂಟು. ಅಂದು ಅದೊಂದು ನನ್ನ ಚೀಲದಲ್ಲಿದ್ದಿದ್ದರೆ ಈ ಅಂಕಣವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹಾಗಾದರೆ ದೊಡ್ಡದು ಚಿಕ್ಕದು ಎಂಬ ಭೇದ ಏತಕ್ಕೆ? ದೊಡ್ಡ ಕ್ಯಾಮರಾದ ಸೆನ್ಸರ್ ಎಂಬ ಬೆಳಕಿನ ಫಲಕ 36ಕ್ಕೆ 24 ಮಿಲಿಮೀಟರ್, ಹಿಂದಿನ ಫಿಲ್ಮಿನ ಅಳತೆಯೇ. 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸೋನಿಕ್ ಸಂಸ್ಥೆಗಳು ಹೊರತಂದ ಮೈಕ್ರೋ ಫೋರ್ ಥರ್ಡ್ಸ್ ಎಂಬ ಬಗೆಯಲ್ಲಿ ಅದು 17.3ಕ್ಕೆ 13, ಅಂದರೆ ವಿಸ್ತೀರ್ಣದಲ್ಲಿ ಕಾಲುಭಾಗದಷ್ಟು. ಚಿಕ್ಕ ಫಲಕದ ಮೇಲೆ 300 ಮಿಲಿಮೀಟರಿನ ಮಸೂರವು ದೊಡ್ಡದರಲ್ಲಿ 600 ಕೊಡುವಷ್ಟೇ ಕಿರಿದಾದ ನೋಟವನ್ನು ಕೊಡುತ್ತದೆ. ದೊಡ್ಡದಕ್ಕೆ ಬೇಕಾದ ಎಫ್ 4ರ 600 ಮಿಲಿಮೀಟರ್ ಮಸೂರವು ಮೂರು ಕಿಲೋಗ್ರಾಂ ಮೀರುತ್ತದೆ. ಚಿಕ್ಕದರ 300 ಒಂದೂಕಾಲು ಕಿಲೋಗ್ರಾಂ. ಕೆರೆಯ ಏರಿಯ ಮೇಲೆ ಬೆಳಗಿನಿಂದ ನಿಲ್ಲುವ ಹುಡುಗನ ಭುಜವನ್ನು ಕೇಳಿದರೆ ತಿಳಿಯುತ್ತದೆ. ಆದರೆ ಪುಕ್ಕಟೆಯಾಗಿ ಏನೂ ಬರುವುದಿಲ್ಲ. ಚಿಕ್ಕ ಫಲಕದ ಎಫ್ 4, ಒಟ್ಟು ಬೆಳಕಿನ ಲೆಕ್ಕದಲ್ಲಿ ದೊಡ್ಡ ಫಲಕದ ಎಫ್ 8ಕ್ಕೆ ಸಮ. ಎಳೆಬಿಸಿಲಿನಲ್ಲಿ ಹಾರುವ ಹೆಬ್ಬಾತಿಗೆ ಇದು ಕೊರತೆಯೆನಿಸದು. ರಾತ್ರಿಯ ಆರತಕ್ಷತೆಯಲ್ಲಿ, ದೀಪದ ಬೆಳಕಿನ ಗರ್ಭಗುಡಿಯಲ್ಲಿ ಚಿತ್ರದ ಮೇಲೆ ಮರಳು ಚೆಲ್ಲಿದಂತಾಗುತ್ತದೆ.

ಮದುವೆಯ ಮಾತಿಗೆ ಬಂದರೆ, ಕ್ಯಾಮರಾದೊಡನೆ ಬರುವ ಜೂಮ್ ಮಸೂರವನ್ನು ಮುಂದಕ್ಕೆ ಚಾಚಿದಾಗ ಅದರ ಕಂಡಿ ಎಫ್ 5.6ಕ್ಕಿಂತ ಅಗಲವಾಗಿ ತೆರೆಯುವುದೇ ವಿರಳ. 85 ಮಿಲಿಮೀಟರಿನ ಎಫ್ 1.8 ಮಸೂರ ಅದರ ಹತ್ತಿರ ಹತ್ತುಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಫ್ಲ್ಯಾಶ್ ಹೊಡೆಯದೆ ತಾಯಿಯ ಕಣ್ಣಂಚಿನ ನೀರನ್ನು ಹಿಡಿಯಬೇಕಾದರೆ ಬೇಕಾಗುವುದು ಇದು. ಇನ್ನೊಂದು ಗುಣವೂ ಅದಕ್ಕುಂಟು: ದೂರ ನಿಂತು ತೆಗೆಯುವುದರಿಂದ ಮುಖದ ಪ್ರಮಾಣ ಕೆಡುವುದಿಲ್ಲ. ಅಗಲನೋಟದ ಮಸೂರ ಹಿಡಿದು ಮದುಮಗಳ ಮುಖದೆದುರು ನುಗ್ಗಿದರೆ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಬೀಗರು ಮುನಿಸಿಕೊಂಡರೆ ಯಾರನ್ನು ದೂರುವುದು!

ಬೇರೆ ಬೇರೆ ಕಂಪನಿಯ ಎರಡು ಕ್ಯಾಮರಾ ಸಾಕುವುದು ಎರಡು ಒಲೆ ಹೂಡಿದಂತೆ. ಬ್ಯಾಟರಿ ಬೇರೆ, ಚಾರ್ಜರ್ ಬೇರೆ, ಹಳದಿ ಸೀರೆಯ ಬಣ್ಣ ಒಂದರಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು. ನಿಕಾನ್ ಮಸೂರವನ್ನು ಕೂಡಿಸಲು ತಿರುಗಿಸುವ ದಿಕ್ಕಿಗೂ ಕ್ಯಾನನ್‌ನ ದಿಕ್ಕಿಗೂ ವಿರೋಧ. ಅವಸರದಲ್ಲಿ ಕೈ ತಪ್ಪುತ್ತದೆ. ಗಡಿಯಾರದ್ದೊಂದು ತೊಡಕು ಬೇರೆ. ನನ್ನ ಸೋದರಳಿಯ ಎರಡು ಕ್ಯಾಮರಾಗಳ ಸಮಯವನ್ನು ಸರಿಹೊಂದಿಸದೆ ಒಂದು ಮದುವೆಯ ಚಿತ್ರ ತೆಗೆದನು. ಕಂಪ್ಯೂಟರಿನಲ್ಲಿ ಜೋಡಿಸಿದಾಗ ಊಟದ ಪಂಕ್ತಿ ಮೊದಲು ಬಂದು, ಮಾಂಗಲ್ಯಧಾರಣೆ ಆಮೇಲೆ ಬಂದಿತು.

ಹಳೆಯ ಮಸೂರಗಳನ್ನು ಮಾರಿಬಿಡುವ ಆತುರವೂ ಬೇಡ. 1959ರಿಂದ ನಡೆದುಬಂದ ನಿಕಾನ್ ಎಫ್ ಜೋಡಣೆಯಲ್ಲಿ ಮಸೂರದ ಬುಡದಿಂದ ಫಲಕಕ್ಕೆ 46.5 ಮಿಲಿಮೀಟರ್ ಅಂತರ. 2018ರಲ್ಲಿ ಬಂದ ಕನ್ನಡಿಯಿಲ್ಲದ ಝಡ್ ಬಗೆಯಲ್ಲಿ ಕೇವಲ 16. ನಡುವೆ ಉಳಿಯುವ 30.5 ಮಿಲಿಮೀಟರನ್ನು ಒಂದು ಬಳೆಯಿಂದ ತುಂಬಿದರೆ ಹಳೆಯ ಮಸೂರ ಹೊಸ ಕ್ಯಾಮರಾದಲ್ಲಿ ಕೂರುತ್ತದೆ. ಹಿಮ್ಮುಖವಾಗಿ, ಹೊಸ ಮಸೂರವನ್ನು ಹಳೆಯ ಕ್ಯಾಮರಾಕ್ಕೆ ಹಾಕಲಾಗದು. ಹಳೆಯ ಮಸೂರ ಕೊಳ್ಳುವವರು ಅದರ ಹಿಂದಿನಿಂದ ಬ್ಯಾಟರಿ ದೀಪ ಬಿಟ್ಟು ನೋಡಬೇಕು. ಜೇಡರಬಲೆಯಂತಹ ಎಳೆ ಕಂಡರೆ ಅದು ಬೂಷ್ಟು. ಮಲೆನಾಡಿನ ಮಳೆಗಾಲದಲ್ಲಿ ತೊಗಲಿನ ಚೀಲದೊಳಗೆ ಇಟ್ಟ ಮಸೂರಕ್ಕೆ ಅದು ತಪ್ಪಿದ್ದಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಆಗಾಗ ಬಿಸಿಲು ತೋರಿಸಿ, ಬಳಸುತ್ತಲೇ ಇದ್ದರೆ ಸಾಕು.

ಇನ್ನು ಎಮ್ಮೆಗಳ ವಿಚಾರ. ಹಿರಿಯರೇ, ಈ ವರ್ಷ ಮಾರಬೇಡಿರಿ. ನಿಮ್ಮ ಮಗನಿಗೆ ಅನ್ನ ಕೊಡುತ್ತಿರುವುದು ಮದುವೆಯ ಕೆಲಸ. ಇರುವ ಕ್ಯಾಮರಾಕ್ಕೆ ಮೊದಲು 85ರ ಆ ಮಸೂರವನ್ನು, ಒಬ್ಬರು ಬಳಸಿದ್ದಾದರೂ ಸರಿ, ಕೊಡಿಸಿರಿ. ಹಕ್ಕಿಯ ಆಸೆಯನ್ನು ಹಳಿಯಲೂಬೇಡಿರಿ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿಯೇ ಆ ಕೆರೆಗೆ ಹೆಸರು ಬಂದು, 2024ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ದೊಡ್ಡ ಊರುಗಳಲ್ಲಿ ಕ್ಯಾಮರಾ, ಮಸೂರಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರಿದ್ದಾರೆ. ಎರಡು ಚಳಿಗಾಲ ಹಾಗೆ ತೆಗೆಯಲಿ. ಮೂರನೆಯ ವರ್ಷವೂ ನಸುಕಿನಲ್ಲೆದ್ದು ಹೊರಟರೆ ಆಗ ಚಿಕ್ಕದನ್ನು ಕೊಳ್ಳುವ ಮಾತು. ಅಂದಿಗೆ ಅವನ ದುಡಿಮೆಯಿಂದಲೇ ಆದೀತು.

ಬಿಡುವಾದಾಗ ಅವನನ್ನು ಕರೆದುಕೊಂಡು ಬನ್ನಿರಿ. ಆ 112 ಗರಿಗಳ ಚಿತ್ರಗಳನ್ನು ತೋರಿಸುತ್ತೇನೆ. ಎಳೆಯ ಕಣ್ಣಿಗೆ ತುದಿಯ ಅಕ್ಷರ ಒಂದೆರಡಾದರೂ ಹೊಳೆಯಬಹುದು. ಬರುವಾಗ ಅವನು ತನ್ನ ಕ್ಯಾಮರಾವನ್ನೂ ತರಲಿ. ನನ್ನ ಹಳೆಯ 105 ಅದಕ್ಕೆ ಕೂರುತ್ತದೆಯೋ ನೋಡೋಣ.