ಕಾಲು ಊದಿದೆ, ಸೋಡಿಯಂ ಕಡಿಮೆ: ಉಪ್ಪು ಕೊಡಬೇಕಾ, ನೀರು ಇಳಿಸಬೇಕಾ?

ಈ ವಾರ ಓದುಗರೊಬ್ಬರು ಕೇಳಿದ್ದಾರೆ: "ಅಪ್ಪನಿಗೆ 68 ವರ್ಷ, ಹಾರ್ಟ್ ವೀಕ್ ಇದೆ. ಕಾಲು ಊದಿಕೊಂಡಿದೆ, ಸೋಡಿಯಂ 127 ಬಂದಿದೆ. ಉಪ್ಪು ಕಡಿಮೆ ಆಗಿದೆ ಅಂತ ಅಮ್ಮ ಮಜ್ಜಿಗೆಗೆ ಉಪ್ಪು ಜಾಸ್ತಿ ಹಾಕಿ ಕೊಡ್ತಿದ್ದಾರೆ. ಡಾಕ್ಟರ್ ನೋಡಿದ್ರೆ ಹಳೇ ಬಿಪಿ ಮಾತ್ರೆ ನಿಲ್ಲಿಸಿ, ನೀರು ಹೋಗೋ ಬೇರೆ ಮಾತ್ರೆ ಬರೆದಿದ್ದಾರೆ. ಯಾಕೆ?"

ರಕ್ತದ ಸೋಡಿಯಂ ಸಾಮಾನ್ಯವಾಗಿ 135ರಿಂದ 145 ಇರಬೇಕು. ಆದರೆ ಈ ಅಂಕಿ ದೇಹದಲ್ಲಿ ಒಟ್ಟು ಎಷ್ಟು ಉಪ್ಪಿದೆ ಅಂತ ಹೇಳೋದಿಲ್ಲ, ನೀರಿಗೆ ಹೋಲಿಸಿದರೆ ಎಷ್ಟಿದೆ ಅಂತ ಮಾತ್ರ ಹೇಳುತ್ತದೆ. ಸಾರಿಗೆ ನೀರು ಜಾಸ್ತಿ ಆದರೆ ಸಪ್ಪೆ ಆಗುತ್ತಲ್ಲ, ಹಾಗೆ. ಪಾತ್ರೆಯಲ್ಲಿ ಉಪ್ಪು ಬೇಕಾದಷ್ಟಿದೆ, ನೀರು ಅದಕ್ಕಿಂತ ಹೆಚ್ಚಾಗಿದೆ. ಹೃದಯ ಅಥವಾ ಲಿವರ್ ಸೋತಾಗ, ರಕ್ತ ಸಾಲುತ್ತಿಲ್ಲ ಎಂದುಕೊಂಡು ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಾಲಿನ ಊತ ಅದೇ. ಇಲ್ಲಿ ಉಪ್ಪು ಹೆಚ್ಚಿಸಿದರೆ ಊತ, ಉಬ್ಬಸ ಹೆಚ್ಚುತ್ತವೆ. ವಾಂತಿ-ಭೇದಿಯಾಗಿ ಸೋಡಿಯಂ ಇಳಿದಿದ್ದರೆ ಕಥೆಯೇ ಬೇರೆ. ಅಲ್ಲಿ ಉಪ್ಪು, ನೀರು ಎರಡೂ ಬೇಕು.

ಈಗ ಮಾತ್ರೆ ವಿಷಯಕ್ಕೆ ಬರೋಣ. ನೀರು ಹೋಗೋ ಮಾತ್ರೆಗಳೆಲ್ಲ ಒಂದೇ ಅಲ್ಲ.

ಥಯಾಜೈಡ್ ಗುಂಪು: ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್ ಇದಕ್ಕೆ ಸೇರಿದವು. ಬಿಪಿಗೆ ಒಳ್ಳೆಯ ಔಷಧಿಗಳೇ. ಆದರೆ ಇವು ಉಪ್ಪನ್ನು ಹೊರಹಾಕುತ್ತವೆ, ನೀರನ್ನು ವಾಪಸ್ ಎಳೆದುಕೊಳ್ಳುವ ಕಿಡ್ನಿಯ ಶಕ್ತಿ ಮಾತ್ರ ಹಾಗೇ ಉಳಿಯುತ್ತದೆ. ಹೀಗಾಗಿ ವಯಸ್ಸಾದವರಲ್ಲಿ ಸೋಡಿಯಂ ಇಳಿಯಲು ಇವು ಸಾಮಾನ್ಯ ಕಾರಣ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ಎಚ್ ಅಥವಾ ಸಿಟಿ ಅಂತ ಇದ್ದರೆ, ಒಳಗೆ ಇದು ಸೇರಿರಬಹುದು. ಸ್ಟ್ರಿಪ್ ಹಿಂಭಾಗ ಓದಿ.

ಲೂಪ್ ಗುಂಪು: ಫ್ಯೂರೋಸೆಮೈಡ್, ಟಾರ್ಸೆಮೈಡ್. ಇವು ನೀರು ವಾಪಸ್ ಎಳೆಯುವ ಆ ಶಕ್ತಿಯನ್ನೇ ಕುಗ್ಗಿಸುತ್ತವೆ. ಉಪ್ಪಿನ ಜೊತೆ ನೀರೂ ಧಾರಾಳವಾಗಿ ಹೋಗುತ್ತದೆ. ಊತ ಇದ್ದು ಸೋಡಿಯಂ ಕಡಿಮೆ ಇರುವ ಹೃದಯದ ರೋಗಿಗೆ ಮೊದಲ ಆಯ್ಕೆ ಸಾಮಾನ್ಯವಾಗಿ ಇದೇ. ಡಾಕ್ಟರ್ ಮಾತ್ರೆ ಬದಲಿಸಿದ್ದರ ಹಿಂದಿನ ಲೆಕ್ಕ ಬಹುಶಃ ಇದು.

ಸ್ಪೈರೋನೊಲ್ಯಾಕ್ಟೋನ್: ಲಿವರ್ ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದೇ ಮುಖ್ಯ. ಜೊತೆಗೆ ಫ್ಯೂರೋಸೆಮೈಡ್ ಸೇರಿಸುವುದುಂಟು. ಸಿರೋಸಿಸ್ ಇದ್ದು ಸೋಡಿಯಂ 125ಕ್ಕಿಂತ ಕೆಳಗಿಳಿದರೆ ಈ ಮಾತ್ರೆಗಳನ್ನು ನಿಲ್ಲಿಸಬೇಕಾ ಅಂತ ಡಾಕ್ಟರ್ ಯೋಚಿಸುತ್ತಾರೆ. ಇದು ಪೊಟ್ಯಾಸಿಯಂ ಏರಿಸುತ್ತದೆ. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ. ಹಾಗಾಗಿ "ಶಕ್ತಿಗೆ" ಅಂತ ದಿನಾ ಎಳನೀರು ಕುಡಿಸಬೇಡಿ. "ಲೋ ಸೋಡಿಯಂ" ಉಪ್ಪಿಗೂ ಇದೇ ಮಾತು.

ಟೋಲ್ವಾಪ್ಟಾನ್: ಇದು ಬರೀ ನೀರನ್ನು ಹೊರಹಾಕುತ್ತದೆ, ಸೋಡಿಯಂ ಏರುತ್ತದೆ. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡುತ್ತಲೇ ಶುರು ಮಾಡಬೇಕಾದ ಔಷಧಿ. ಲಿವರ್ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಇಷ್ಟು ಹುಷಾರು ಯಾಕೆ? ದಿನಗಟ್ಟಲೆ ಕಡಿಮೆ ಇದ್ದ ಸೋಡಿಯಂ ಒಮ್ಮೆಲೇ ಏರಿದರೆ ಮೆದುಳಿನ ನರಗಳಿಗೆ ಶಾಶ್ವತ ಹಾನಿ ಆಗಬಹುದು. ಅದಕ್ಕೇ 24 ಗಂಟೆಯಲ್ಲಿ 8ರಿಂದ 10 ಅಂಕಕ್ಕಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾರೆ. "ಬೇಗ ಸರಿಮಾಡಿ ಡಾಕ್ಟ್ರೇ" ಅಂತ ಒತ್ತಾಯ ಮಾಡಬೇಡಿ.

ಮನೆಯಲ್ಲಿ ನೀವು ಮಾಡಬಹುದಾದದ್ದು:

• ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ ತೂಕ ಬರೆದಿಡಿ. ಎರಡು-ಮೂರು ದಿನದಲ್ಲಿ 2 ಕೆಜಿ ಏರಿದರೆ ಡಾಕ್ಟರಿಗೆ ಫೋನ್ ಮಾಡಿ.
• ದಿನಕ್ಕೆ ಎಷ್ಟು ನೀರು ಅಂತ ಡಾಕ್ಟರ ಹತ್ತಿರ ಕೇಳಿ. ಕಾಫಿ, ಮಜ್ಜಿಗೆ, ಸಾರು, ಗಂಜಿ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ.
• ಮೊಣಕಾಲು ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡ. ಇವು ನೀರು ಹಿಡಿಯುತ್ತವೆ, ನೀರಿನ ಮಾತ್ರೆಯ ಕೆಲಸ ಕೆಡಿಸುತ್ತವೆ.
• ಮಾತ್ರೆ ಬದಲಾದರೆ, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತೆ ಯಾವಾಗ ನೋಡಬೇಕು ಅಂತ ಕೇಳಿಕೊಂಡೇ ಬನ್ನಿ.

ವಿಪರೀತ ಮಂಪರು, ಅಸಂಬದ್ಧ ಮಾತು, ಫಿಟ್ಸ್, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದು ಕಂಡರೂ ಮಾರನೇ ದಿನದ ಅಪಾಯಿಂಟ್‌ಮೆಂಟ್ ಕಾಯಬೇಡಿ. ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ.